ಜಾತ್ರೆಯ ಜೈಂಟ್ ವೀಲ್, ಪಾರ್ಕಿನ ರೋಲರ್ ಕೋಸ್ಟರ್: ತೆರೆಮರೆಯಲ್ಲಿ ಏನು ನಡೆಯುತ್ತದೆ?

ಗಂಜ್‌ಬಜಾರ್ (ಕಲಬುರಗಿ)
ಅಪ್ಪನ ಜಾತ್ರೆಗೆ, ಅಂದರೆ ನಮ್ಮ ಶರಣಬಸವೇಶ್ವರ ಜಾತ್ರೆಗೆ, ಆಟದ ಸಾಮಾನು ಬರತೊಡಗಿದೆ. ನಿನ್ನೆ ಅಂಗಡಿ ಮುಚ್ಚಿ ಬರುವಾಗ ಬಯಲಿನಲ್ಲಿ ನಿಂತು ನೋಡಿದೆ. ಜೈಂಟ್ ವೀಲ್ ಇನ್ನೂ ಬಿಡಿಬಿಡಿಯಾಗಿ ನೆಲದ ಮೇಲೆ ಬಿದ್ದಿದೆ. ಕ್ರೇನ್ ಇಲ್ಲ. ಕೆಲವು ಹುಡುಗರು, ಒಂದು ರಾಟೆ, ಹಗ್ಗ, ಪಾನಾ. ಅಷ್ಟರಿಂದಲೇ ಅದು ಎದ್ದು ನಿಲ್ಲುತ್ತದೆ, ಆಮೇಲೆ ನಮ್ಮ ಮಕ್ಕಳು ಅದರ ತುದಿಯಲ್ಲಿ ಕುಳಿತು ಕೈ ಬೀಸುತ್ತಾರೆ.

ಇದರ ಒಳಗುಟ್ಟು ತಿಳಿದವರು ಇಲ್ಲಿ ಇರಬೇಕು. ತೊಟ್ಟಿಲುಗಳನ್ನು ಸಾಲಾಗಿ ತುಂಬಿಸುವುದಿಲ್ಲ, ಒಂದು ಇಲ್ಲಿ ಒಂದು ಅಲ್ಲಿ ತುಂಬಿಸುತ್ತಾರೆ, ಏಕೆ? ಅಷ್ಟು ದೊಡ್ಡ ಚಕ್ರವನ್ನು ತಿರುಗಿಸುವುದು ಯಾವುದು? ಹೈದರಾಬಾದಿನ ಪಾರ್ಕಿಗೆ ಹೋದಾಗ ರೋಲರ್ ಕೋಸ್ಟರ್ ಹತ್ತುವಾಗ ಟಕ ಟಕ ಎಂದು ಸದ್ದು ಬರುತ್ತದಲ್ಲ, ಅದು ಏನು? ನಮ್ಮ ಮನೆಯವರು ಮಾತ್ರ, "ಇದನ್ನೆಲ್ಲ ಕೇಳಿಕೊಂಡರೆ ಮುಂದೆ ಹತ್ತುವ ಧೈರ್ಯವೇ ಬರುವುದಿಲ್ಲ, ಬಿಡಿ" ಎನ್ನುತ್ತಾರೆ.

ಸುಮ್ಮನೆ_ಓದುವವ
ನಿಮ್ಮ ಮನೆಯ ಅಕ್ಕನವರ ಮಾತು ಕೇಳಿ.

ವೆಲ್ಡಿಂಗ್_ಅಂಗಡಿ (ಹುಮನಾಬಾದ್)
ನಮ್ಮೂರ ವೀರಭದ್ರೇಶ್ವರ ಜಾತ್ರೆಗೆ ಬರುವ ಚಕ್ರಗಳ ರಿಪೇರಿ ಕೆಲಸ ನಮ್ಮ ಅಂಗಡಿಗೇ ಬರುತ್ತದೆ, ಆದ್ದರಿಂದ ಹೇಳುತ್ತೇನೆ.

ಮೊದಲು ನೆಲಕ್ಕೆ ಮರದ ದಿಮ್ಮಿಗಳನ್ನು ಹಾಸುತ್ತಾರೆ. ಅದರ ಮೇಲೆ ಎರಡು ಕಂಬಗೋಪುರ, ಗೋಪುರಗಳ ನಡುವೆ ಅಚ್ಚು. ಅಚ್ಚು ಕುಳಿತ ಮೇಲೆ ಅರಗಳನ್ನು ಜೋಡಿಸುವ ಕ್ರಮ ನೋಡಬೇಕು: ಕೆಳಗೆ ಒಂದು ಅರ ಹಾಕುತ್ತಾರೆ, ಅರ್ಧ ಸುತ್ತು ತಿರುಗಿಸಿ ಅದರ ಎದುರಿನದನ್ನು ಹಾಕುತ್ತಾರೆ. ಕೊನೆಯವರೆಗೂ ಜೋಡಿ ಜೋಡಿಯೇ. ಒಂದೇ ಪಕ್ಕ ಕಟ್ಟುತ್ತ ಹೋದರೆ ಭಾರವಾದ ಪಕ್ಕ ಕೆಳಕ್ಕೆ ಎಳೆದುಕೊಂಡು ಕೆಲಸಗಾರನ ಕೈ ಮುರಿಯುತ್ತದೆ.

ಜನರನ್ನು ತುಂಬಿಸುವ ಲೆಕ್ಕವೂ ಇದೇ. ನೀವು ಗಂಜ್‌ನ ವ್ಯಾಪಾರದವರು, ಕ್ವಿಂಟಾಲ್ ಲೆಕ್ಕ ನಿಮಗೆ ಹೇಳಿಕೊಡಬೇಕಾಗಿಲ್ಲ. ಅಕ್ಕಪಕ್ಕದ ಎರಡು ತೊಟ್ಟಿಲಲ್ಲಿ ಎಂಟು ಜನ ದೊಡ್ಡವರು ಕುಳಿತರೆ ಹತ್ತಿರ ಹತ್ತಿರ ಐದು ಕ್ವಿಂಟಾಲ್. ಎದುರಿನ ಪಕ್ಕ ಖಾಲಿ. ಆ ಐದು ಕ್ವಿಂಟಾಲನ್ನು ಹಿಡಿದು ನಿಲ್ಲಿಸಬೇಕಾದದ್ದು ಒಂದು ಬ್ರೇಕ್ ಪಟ್ಟಿ. ಅದಕ್ಕೇ ಇಲ್ಲಿ ಒಂದು ತುಂಬಿಸಿ, ತಿರುಗಿಸಿ, ಎದುರಿನದನ್ನು ತುಂಬಿಸುತ್ತಾರೆ. ಇಳಿಸುವಾಗಲೂ ಹಾಗೆಯೇ. "ನಮ್ಮನ್ನು ಮೊದಲು ಹತ್ತಿಸಿ ಕೊನೆಯಲ್ಲಿ ಇಳಿಸಿದ" ಎಂದು ಜಗಳಕ್ಕೆ ನಿಲ್ಲುವವರು ಇದನ್ನು ತಿಳಿದುಕೊಳ್ಳಬೇಕು. ಚಾಲಕ ಎಲ್ಲರನ್ನೂ ಕಣ್ಣಿನಲ್ಲೇ ತೂಗಿರುತ್ತಾನೆ. ದಪ್ಪ ಇರುವವರನ್ನು ಎಲ್ಲಿ ಕೂರಿಸಬೇಕೆಂದು ಅವನು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ತಿರುಗಿಸುವುದು ಎರಡು ರೀತಿ. ಚಕ್ರದ ಅಂಚಿಗೆ ಸುತ್ತಲೂ ಉಕ್ಕಿನ ಹಗ್ಗ ಹಾಕಿ ಮೋಟಾರಿನಿಂದ ಎಳೆಯುವುದು ಒಂದು. ಅಂಚಿಗೆ ರಬ್ಬರ್ ಟೈರ್ ಒತ್ತಿ ಹಿಡಿದು ಟೈರನ್ನು ತಿರುಗಿಸುವುದು ಇನ್ನೊಂದು. ನಾನು ನೋಡಿದ ಹಳೆಯ ಚಕ್ರಗಳಲ್ಲಿ ಲಾರಿಯ ಗೇರ್‌ಬಾಕ್ಸ್ ಇರುತ್ತಿತ್ತು, ಡೀಸೆಲ್ ಎಂಜಿನ್ ಗುಡುಗುತ್ತಿತ್ತು. ಹಗ್ಗವಾಗಲಿ ಟೈರಾಗಲಿ, ಎಲ್ಲಾದರೂ ಸಿಕ್ಕಿಕೊಂಡರೆ ಜಾರುತ್ತದೆ. ಹಲ್ಲಿನ ಗೇರು ನೇರವಾಗಿ ಚಕ್ರಕ್ಕೇ ಕೂಡಿದ್ದರೆ ಜಾರುತ್ತಿರಲಿಲ್ಲ, ಮುರಿಯುತ್ತಿತ್ತು.

ಗಂಜ್‌ಬಜಾರ್
ಕಣ್ಣಿನಲ್ಲೇ ತೂಗುತ್ತಾನೆ ಎಂದಿರಲ್ಲ, ನಮ್ಮ ಅಡತಿ ಅಂಗಡಿಗೆ ಅಂಥವನೊಬ್ಬ ಬೇಕಾಗಿದ್ದಾನೆ.

ನಿವೃತ್ತ_ಮಾಸ್ತರ (ಶಹಾಪುರ)
ವೆಲ್ಡಿಂಗ್ ಅಂಗಡಿಯವರು ಹೇಳಿದ್ದು ಸರಿಯಾಗಿದೆ. ಲಂಡನ್ನಿನ ಥೇಮ್ಸ್ ದಡದಲ್ಲಿರುವ 135 ಮೀಟರ್ ಎತ್ತರದ ಲಂಡನ್ ಐ ಚಕ್ರವನ್ನು ತಿರುಗಿಸುವುದೂ ಅಂಚಿಗೆ ಒತ್ತಿದ ರಬ್ಬರ್ ಟೈರ್‌ಗಳೇ. ಜಾತ್ರೆಯ ಚಕ್ರಕ್ಕೂ ಅದಕ್ಕೂ ತತ್ವದಲ್ಲಿ ಭೇದವಿಲ್ಲ. ಅದರ ಅರಗಳು ಮಾತ್ರ ಕಂಬಿಗಳಲ್ಲ, ಬಿಗಿದ ಉಕ್ಕಿನ ಹಗ್ಗಗಳು, ಸೈಕಲ್ ಗಾಲಿಯ ಕಡ್ಡಿಗಳ ಹಾಗೆ.

ಆದರೆ ಮಜಾ ಎಲ್ಲಿದೆ ಎಂದರೆ ನಮ್ಮ ಜಾತ್ರೆಯಲ್ಲಿ! ಲಂಡನ್ ಐ ಒಂದು ಸುತ್ತಿಗೆ ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. ಅದರಲ್ಲಿ ಹೊಟ್ಟೆ ಜಿಲ್ಲೆನ್ನುವ ಮಾತೇ ಇಲ್ಲ. ನಮ್ಮಲ್ಲಿ 80 ಅಡಿ ಎತ್ತರದ ಚಕ್ರ 10 ಸೆಕೆಂಡಿಗೆ ಒಂದು ಸುತ್ತು ಹಾಕುತ್ತದೆ ಎಂದು ಹಿಡಿಯಿರಿ. ತ್ರಿಜ್ಯ 12 ಮೀಟರ್. ಲೆಕ್ಕ ಮಾಡಿದರೆ ಕೇಂದ್ರದ ಕಡೆಗಿನ ವೇಗೋತ್ಕರ್ಷ ಗುರುತ್ವದ ಹತ್ತಿರ ಹತ್ತಿರ ಅರ್ಧದಷ್ಟು ಬರುತ್ತದೆ. ಅಂದರೆ 60 ಕಿಲೋ ತೂಗುವವರು ತುದಿಯಲ್ಲಿ 31 ಕಿಲೋ, ತಳದಲ್ಲಿ 89 ಕಿಲೋ. ಪ್ರತಿ 10 ಸೆಕೆಂಡಿಗೊಮ್ಮೆ ದೇಹ ಈ ಎರಡರ ನಡುವೆ ಹೋಗಿ ಬರುತ್ತದೆ. ಮಿರ್ಚಿ ಭಜಿ ತಿಂದು ಹತ್ತಬೇಡಿ ಎನ್ನುವುದಕ್ಕೆ ಕಾರಣ ಇಷ್ಟೇ.

ತೊಗರಿ_ಕಣಜ
ಮಾಸ್ತರರೇ, ಲೆಕ್ಕ ಚೆನ್ನಾಗಿದೆ. ಆದರೆ ಇಲ್ಲಿ ಎಲ್ಲರೂ ಹೊಗಳುತ್ತಿದ್ದೀರಿ, ಅಪಾಯದ ಮಾತು ಯಾರೂ ಎತ್ತುತ್ತಿಲ್ಲ. ಜಾತ್ರೆಯ ಈ ಆಟಗಳನ್ನು ನಿಷೇಧಿಸಬೇಕು ಎನ್ನುವವನು ನಾನು. ನನ್ನ ತಮ್ಮ ಒಂದು ಜಾತ್ರೆಯಲ್ಲಿ, ಊರಿನ ಹೆಸರು ಬೇಡ, ಜನರೇಟರ್ ಕೆಟ್ಟು ಚಕ್ರದ ತುದಿಯಲ್ಲಿ ಬಹಳ ಹೊತ್ತು ಸಿಕ್ಕಿಕೊಂಡಿದ್ದ. ಕೆಳಗಿದ್ದವರು ಮೊಬೈಲ್ ಹಿಡಿದು ವೀಡಿಯೊ ಮಾಡುತ್ತಿದ್ದರು. ಸೀಟಿಗೆ ಅಡ್ಡವಾಗಿ ಇದ್ದದ್ದು ಒಂದು ಸರಪಳಿ, ಅದಕ್ಕೆ ಕೊಂಡಿಯ ಬದಲು ತಂತಿ ಸುತ್ತಿದ್ದರು.

ಎರೆಭೂಮಿ (ಜೇವರ್ಗಿ)
ನಿಷೇಧ ಪರಿಹಾರವಲ್ಲ, ಆದರೆ ತಂತಿ ಸುತ್ತಿದ್ದರು ಎನ್ನುವುದನ್ನು ಓದಿ ನನಗೂ ಮೈ ಉರಿಯಿತು.

ನಾನು ಕಟ್ಟಡದ ಕೆಲಸ ಮಾಡಿಸುವವನು. ಚಕ್ರ ನೋಡುವಾಗ ನಾನು ಮೇಲೆ ನೋಡುವುದಿಲ್ಲ, ಪಾಯ ನೋಡುತ್ತೇನೆ. ನಮ್ಮದು ಕರಿ ಎರೆಮಣ್ಣು. ಒಣಗಿದಾಗ ಕೈ ತೂರುವಷ್ಟು ಬಿರುಕು, ನೀರು ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ. ಮಾರ್ಚ್‌ನಲ್ಲಿ ಒಮ್ಮೊಮ್ಮೆ ಆಲಿಕಲ್ಲು ಮಳೆ ಬೀಳುತ್ತದೆ. ಹಿಂದಿನ ದಿನ ಕಲ್ಲಿನಂತಿದ್ದ ನೆಲ ಬೆಳಿಗ್ಗೆ ಒಂದು ಪಕ್ಕ ಕುಸಿದಿರುತ್ತದೆ. ಗೋಪುರ ಒಂದು ಕಡೆಗೆ ಸ್ವಲ್ಪವೇ ವಾಲಿದರೂ ಅಚ್ಚು ಓರೆಯಾಗುತ್ತದೆ, ಬೇರಿಂಗ್ ಮೇಲೆ ಬಾರದ ಕಡೆಯಿಂದ ಭಾರ ಬರುತ್ತದೆ. ಅದಕ್ಕೇ ಮರದ ದಿಮ್ಮಿಗಳನ್ನು ಅಗಲವಾಗಿ ಹಾಸುವುದು, ಭಾರ ಹರಡಲಿ ಎಂದು. ಮಳೆ ಬಂದ ಮರುದಿನ ಒಳ್ಳೆಯ ಮಾಲೀಕ ಮೊದಲು ಮಟ್ಟಕೋಲು ಹಿಡಿದು ಬರುತ್ತಾನೆ. ಕೆಟ್ಟ ಮಾಲೀಕ ಟಿಕೆಟ್ ಪುಸ್ತಕ ಹಿಡಿದು ಬರುತ್ತಾನೆ.

ಕೆಂಪುಮಣ್ಣು (ಬೀದರ್)
ಅದಕ್ಕೇ ಹೇಳುವುದು, ಬೀದರಿಗೆ ಬನ್ನಿ ಎಂದು. ನಮ್ಮದು ಜಂಬಿಟ್ಟಿಗೆ ನೆಲ. ಕೋಟೆಯನ್ನೇ ಹೊತ್ತು ನಿಂತಿದೆ, ನಿಮ್ಮ ಚಕ್ರ ಯಾವ ಲೆಕ್ಕ.

ಎರೆಭೂಮಿ
ನಿಮ್ಮ ಕೆಂಪು ನೆಲದಲ್ಲಿ ತೊಗರಿ ಬೆಳೆದು ತೋರಿಸಿ, ಆಮೇಲೆ ಮಾತಾಡೋಣ.

ಕೆಂಪುಮಣ್ಣು
ಬೀದರ್ ಜಿಲ್ಲೆಯಲ್ಲೂ ತೊಗರಿ ಬೆಳೆಯುತ್ತದೆ ಸ್ವಾಮಿ. ನಕ್ಷೆ ತೆಗೆದು ನೋಡಿ.

ನಿರ್ವಾಹಕ
ಮಣ್ಣಿನ ಜಗಳಕ್ಕೆ ಕೃಷಿ ವಿಭಾಗವಿದೆ. ಇಲ್ಲಿ ಚಕ್ರ.

ಹೈದರಾಬಾದಿನಿಂದ_ಮರಳಿದವಳು (ಕಲಬುರಗಿ)
ಹೈದರಾಬಾದ್ ಕಡೆಯ ಒಂದು ಪಾರ್ಕಿನಲ್ಲಿ ರೋಲರ್ ಕೋಸ್ಟರಿನ ಗುಂಡಿ ಒತ್ತುವ ಕೆಲಸ ಮಾಡಿದ್ದೇನೆ. ಗಂಜ್‌ಬಜಾರ್ ಅಣ್ಣ ಕೇಳಿದ ಟಕ ಟಕ ಸದ್ದಿಗೆ ಉತ್ತರ ನನ್ನ ಬಳಿ ಇದೆ.

ಮೊದಲ ಏರಿನಲ್ಲಿ ಹಳಿಗಳ ನಡುವೆ ಸರಪಳಿ ಓಡುತ್ತಿರುತ್ತದೆ, ಅದು ಗಾಡಿಯನ್ನು ಮೇಲಕ್ಕೆ ಎಳೆಯುತ್ತದೆ. ಪಕ್ಕದಲ್ಲಿ ಗರಗಸದ ಹಲ್ಲುಗಳಿರುವ ಉಕ್ಕಿನ ಪಟ್ಟಿ. ಗಾಡಿಯ ಅಡಿಯಲ್ಲಿ ಒಂದು ಕೊಕ್ಕೆ ಆ ಹಲ್ಲುಗಳ ಮೇಲೆ ಒಂದೊಂದಾಗಿ ಬೀಳುತ್ತ ಹೋಗುತ್ತದೆ. ಟಕ ಟಕ ಎನ್ನುವುದು ಅದೇ. ಸರಪಳಿ ಹರಿದರೂ ಗಾಡಿ ಹಿಂದಕ್ಕೆ ಜಾರುವುದು ಒಂದೇ ಹಲ್ಲಿನಷ್ಟು, ಅಲ್ಲಿಗೆ ಕೊಕ್ಕೆ ಹಿಡಿದುಕೊಳ್ಳುತ್ತದೆ. ಜನ ಆ ಸದ್ದಿಗೇ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಮಾತ್ರ ಅದು ನಿಂತರೆ ಭಯ!

ಮೇಲೆ ಹೋದ ಮೇಲೆ ಎಂಜಿನ್ ಇಲ್ಲ, ಏನೂ ಇಲ್ಲ. ಹತ್ತಿದ ಎತ್ತರವೇ ಇಂಧನ. ಅದಕ್ಕೇ ಇಂಥ ಹಳೆಯ ಕೋಸ್ಟರುಗಳಲ್ಲಿ ಮೊದಲ ಗುಡ್ಡವೇ ಎಲ್ಲಕ್ಕಿಂತ ಎತ್ತರ, ಮುಂದಿನವು ಚಿಕ್ಕವಾಗುತ್ತ ಹೋಗುತ್ತವೆ.

ಗಾಲಿಗಳನ್ನು ಯಾರೂ ಗಮನಿಸುವುದಿಲ್ಲ. ಹಳಿಯ ಮೇಲೆ ಓಡುವ ಗಾಲಿ ಎಲ್ಲರಿಗೂ ಕಾಣುತ್ತದೆ. ಪಕ್ಕಕ್ಕೆ ಒತ್ತುವ ಗಾಲಿ ಇನ್ನೊಂದಿದೆ. ಮೂರನೆಯದು ಹಳಿಯ ಅಡಿಯಲ್ಲಿ, ಗಾಡಿ ಮೇಲಕ್ಕೆ ಹಾರದಂತೆ ಹಿಡಿಯುವುದು. ಈ ಅಡಿಗಾಲಿಯ ಪೇಟೆಂಟ್ ಪಡೆದವನು ಅಮೆರಿಕದ ಜಾನ್ ಮಿಲ್ಲರ್, 1919ರಲ್ಲಿ. ಅದಾದ ಮೇಲೆಯೇ ಕಡಿದಾದ ಇಳಿಜಾರು, ಸೀಟಿನಿಂದ ದೇಹ ಮೇಲೇಳುವ ಗುಡ್ಡ ಎಲ್ಲ ಧಾರಾಳವಾಗಿ ಬಂದವು. ಅದಕ್ಕೂ ಮುಂಚೆ ಗಾಡಿ ಹಳಿಯ ಮೇಲೆ ಸುಮ್ಮನೆ ಕುಳಿತಿರುತ್ತಿತ್ತು. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಲಮಾರ್ಕಸ್ ಥಾಂಪ್ಸನ್ ಕಟ್ಟಿದ ರೈಲು ಗಂಟೆಗೆ ಹತ್ತು ಕಿಲೋಮೀಟರ್ ಹೋಗುತ್ತಿತ್ತು, ಐದು ಸೆಂಟ್ ಟಿಕೆಟ್. ತುದಿ ಮುಟ್ಟಿದ ಮೇಲೆ ಜನ ಇಳಿಯಬೇಕು, ಆಳುಗಳು ಗಾಡಿಯನ್ನು ತಳ್ಳಿ ಇನ್ನೊಂದು ಗುಡ್ಡಕ್ಕೆ ಏರಿಸಬೇಕು, ಮತ್ತೆ ಹತ್ತಿ ವಾಪಸ್ ಬರಬೇಕು. ಅದಕ್ಕೂ ಜನ ಸಾಲು ನಿಂತರು.

ಸುಮ್ಮನೆ_ಓದುವವ
ಗಂಟೆಗೆ ಹತ್ತು ಕಿಲೋಮೀಟರ್? ಸೂಪರ್ ಮಾರ್ಕೆಟ್ ರಸ್ತೆಯಲ್ಲಿ ಸಂಜೆ ನಮ್ಮ ಆಟೊ ಅಷ್ಟೇ ಹೋಗುತ್ತದೆ, ಟಿಕೆಟ್ ದುಬಾರಿ.

ದರ್ಗಾ_ರಸ್ತೆ
ಅಕ್ಕ, ಒಂದು ಪ್ರಶ್ನೆ. ಕರೆಂಟು ಹೋದರೆ? ಕಲಬುರಗಿಯವರು ಕೇಳುವ ಮೊದಲ ಪ್ರಶ್ನೆಯೇ ಇದಲ್ಲವೇ.

ಹೈದರಾಬಾದಿನಿಂದ_ಮರಳಿದವಳು
ಭಾಯ್, ತರಬೇತಿಯಲ್ಲಿ ನಾನೂ ಅದನ್ನೇ ಕೇಳಿದೆ. ಏರಿನಲ್ಲಿದ್ದರೆ ಕೊಕ್ಕೆ ಹಿಡಿದು ನಿಲ್ಲುತ್ತದೆ, ಪಕ್ಕದ ಮೆಟ್ಟಿಲಲ್ಲಿ ಇಳಿಸಿಕೊಂಡು ಬರುತ್ತೇವೆ. ಇಳಿದಾಗಿದ್ದರೆ ಗಾಡಿಗೆ ಕರೆಂಟೇ ಬೇಡ, ಓಡಿಕೊಂಡು ನಿಲ್ದಾಣದ ಬ್ರೇಕಿನವರೆಗೆ ಬರುತ್ತದೆ. ನಮ್ಮಲ್ಲಿದ್ದ ಬ್ರೇಕಿನ ರಚನೆ ತಲೆಕೆಳಗು: ಸ್ಪ್ರಿಂಗ್ ಅದನ್ನು ಯಾವಾಗಲೂ ಮುಚ್ಚಿ ಹಿಡಿದಿರುತ್ತದೆ, ಗಾಳಿಯ ಒತ್ತಡ ಕೊಟ್ಟಾಗ ಮಾತ್ರ ತೆರೆಯುತ್ತದೆ. ಗಾಳಿ ಹೋಯಿತೆಂದರೆ ಬ್ರೇಕ್ ತಾನಾಗಿ ಬೀಳುತ್ತದೆ.

ಮೇಲಿಂದ ದಢಕ್ಕನೆ ಬೀಳಿಸುವ ಗೋಪುರದ ಆಟ ಇದೆಯಲ್ಲ, ಈಗಿನ ಅಂಥ ಆಟಗಳಲ್ಲಿ ಹೆಚ್ಚಾಗಿ ಅಯಸ್ಕಾಂತದ ಬ್ರೇಕ್ ಇರುತ್ತದೆ. ಒಂದು ಕಡೆ ಶಾಶ್ವತ ಅಯಸ್ಕಾಂತ, ಇನ್ನೊಂದು ಕಡೆ ತಾಮ್ರದಂಥ ಲೋಹದ ಪಟ್ಟಿ. ಒಂದಕ್ಕೊಂದು ತಾಗುವುದೇ ಇಲ್ಲ. ವೇಗವಾಗಿ ಹಾದುಹೋದಾಗ ಲೋಹದಲ್ಲಿ ಸುಳಿ ವಿದ್ಯುತ್ತು ಹುಟ್ಟಿ ಗಾಡಿಯನ್ನು ತಡೆಯುತ್ತದೆ. ಜೆಸ್ಕಾಂ ಕರೆಂಟು ಇರಲಿ ಬಿಡಲಿ, ಅಯಸ್ಕಾಂತ ಕೆಲಸ ಮಾಡುತ್ತದೆ.

ನಿವೃತ್ತ_ಮಾಸ್ತರ
ಅಕ್ಕನವರು ಕೋಸ್ಟರಿನ ಸುತ್ತಿನ ಬಗ್ಗೆ ಹೇಳಲಿಲ್ಲ. ತಲೆಕೆಳಗಾಗುವ ಸುತ್ತು ದುಂಡಗಿರುವುದಿಲ್ಲ, ಹನಿಯ ಆಕಾರದಲ್ಲಿರುತ್ತದೆ. ಗಮನಿಸಿದ್ದೀರಾ? 1895ರಲ್ಲಿ ಕೋನಿ ಐಲೆಂಡಿನಲ್ಲಿ ಸರಿಯಾದ ವೃತ್ತಾಕಾರದ ಸುತ್ತು ಕಟ್ಟಿದರು, ಹತ್ತಿದವರ ಕುತ್ತಿಗೆ ಹಿಡಿದುಕೊಂಡಿತು. ಘರ್ಷಣೆಯನ್ನು ಬಿಟ್ಟು ಲೆಕ್ಕ ಮಾಡಿ: ವೃತ್ತದ ತುದಿಯನ್ನು ಹೇಗೋ ದಾಟುವಷ್ಟು ವೇಗವಿದ್ದರೂ ತಳದಲ್ಲಿ ದೇಹದ ಭಾರ ಆರು ಪಟ್ಟಾಗುತ್ತದೆ, ಅದೂ ಒಂದೇ ಏಟಿಗೆ. ಹನಿಯ ಆಕಾರದಲ್ಲಿ ತಳದ ಬಾಗು ದೊಡ್ಡದು, ತುದಿಯ ಬಾಗು ಚಿಕ್ಕದು. ಭಾರ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಜರ್ಮನಿಯ ವೆರ್ನರ್ ಸ್ಟೆಂಗೆಲ್ ಈ ಲೆಕ್ಕ ಹಾಕಿದ ಕೋಸ್ಟರ್ 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಓಡಿತು. 81 ವರ್ಷ ಬೇಕಾಯಿತು.

ತೊಗರಿ_ಕಣಜ
ನನ್ನ ಮಾತಿಗೆ ಉತ್ತರ ಬರಲಿಲ್ಲ. ಪಾರ್ಕಿನಲ್ಲಿ ಕೊಕ್ಕೆ, ಸ್ಪ್ರಿಂಗ್, ಅಯಸ್ಕಾಂತ ಎಲ್ಲ ಇದೆ. ಜಾತ್ರೆಯಲ್ಲಿ ತಂತಿ. ಎರಡನ್ನೂ ಒಂದೇ ದಾರದಲ್ಲಿ ಪೋಣಿಸಬೇಡಿ.

ವೆಲ್ಡಿಂಗ್_ಅಂಗಡಿ
ಸರ್, ತಂತಿ ಸುತ್ತಿದವನನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಎಲ್ಲರೂ ಹಾಗಲ್ಲ. ಹತ್ತುವ ಮೊದಲು ನೀವೇ ನೋಡಬಹುದಾದ ಕೆಲವು ಇವೆ. ತೊಟ್ಟಿಲು ನೇತಾಡುವ ಪಿನ್ನಿನ ತುದಿಯಲ್ಲಿ ಅದು ಕಳಚದಂತೆ ಹಿಡಿಯುವ ಸ್ಪ್ಲಿಟ್ ಪಿನ್ ಇದೆಯೇ, ಅಥವಾ ಮೊಳೆ ಬಗ್ಗಿಸಿ ಹಾಕಿದ್ದಾರೆಯೇ? ನಟ್ಟಿನ ಮೇಲಿಂದ ಕಬ್ಬಿಣದ ಮೇಲೆ ಬಣ್ಣದ ಗೆರೆ ಎಳೆದಿರುತ್ತಾರೆ. ಗೆರೆ ಮುರಿದು ಕಾಣುತ್ತಿದ್ದರೆ ನಟ್ಟು ಸಡಿಲಾಗಿದೆ ಎಂದರ್ಥ. ಬೆಸುಗೆಯ ಪಕ್ಕದಲ್ಲಿ ಬಣ್ಣ ಬಿರಿದು ತುಕ್ಕಿನ ಗೆರೆ ಕಂಡರೆ ಇಳಿದು ಬನ್ನಿ, ಹಣದ ಆಸೆ ಬೇಡ.

ಬಿರುಕು ಬರಿಗಣ್ಣಿಗೆ ಕಾಣದಿದ್ದರೆ ಬಣ್ಣದ ಪರೀಕ್ಷೆ ಇದೆ. ಬೆಸುಗೆಯನ್ನು ಸ್ವಚ್ಛ ಮಾಡಿ ಕೆಂಪು ದ್ರವ ಬಳಿಯುವುದು, ಸ್ವಲ್ಪ ಹೊತ್ತು ಬಿಟ್ಟು ಒರೆಸಿ ಬಿಳಿ ಪುಡಿ ಸಿಂಪಡಿಸುವುದು. ಬಿರುಕಿನೊಳಗೆ ಇಳಿದ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ದುಬಾರಿಯೇನಲ್ಲ. ನಮ್ಮಲ್ಲಿಗೆ ಬರುವ ಒಬ್ಬ ಮಾಲೀಕರು ಹಂಗಾಮು ಶುರುವಾಗುವ ಮೊದಲು ಅಚ್ಚಿಗೆ ಇದನ್ನು ಮಾಡಿಸಿಯೇ ತೀರುತ್ತಾರೆ. ಇನ್ನೊಬ್ಬರು ಬಂದು "ಮೇಲಿಂದ ಮೇಲೆ ಬಣ್ಣ ಹೊಡೆದುಬಿಡಿ" ಎನ್ನುತ್ತಾರೆ. ಹೊಸ ಬಣ್ಣಕ್ಕೆ ಮರುಳಾಗಬೇಡಿ, ನಾನಾದರೆ ಹಳೆಯ ಬಣ್ಣದ ಚಕ್ರವನ್ನೇ ನಂಬುತ್ತೇನೆ.

ಹೈದರಾಬಾದಿನಿಂದ_ಮರಳಿದವಳು
ಇದು ನೂರಕ್ಕೆ ನೂರು ನಿಜ. ಪಾರ್ಕಿನಲ್ಲಿ ಗೇಟು ತೆರೆಯುವ ಮುಂಚೆ ಹಳಿಯ ಉದ್ದಕ್ಕೂ ನಡೆದು ನೋಡುವವರಿರುತ್ತಾರೆ. ಗಾಡಿ ಖಾಲಿ ಓಡುತ್ತದೆ, ಒಮ್ಮೊಮ್ಮೆ ನೀರು ತುಂಬಿದ ಪ್ಲಾಸ್ಟಿಕ್ ಬೊಂಬೆಗಳನ್ನು ಕೂರಿಸಿ ಓಡಿಸುತ್ತೇವೆ. ಹಾಳೆಗೆ ಸಹಿ ಬೀಳದೆ ಮೊದಲ ಪ್ರಯಾಣಿಕ ಹತ್ತುವಂತಿಲ್ಲ. ಎರಡು ಗಾಡಿ ಒಟ್ಟಿಗೆ ಓಡುವಾಗ ಹಳಿಯನ್ನು ಭಾಗ ಮಾಡಿರುತ್ತಾರೆ, ಒಂದು ಭಾಗದಲ್ಲಿ ಒಂದೇ ಗಾಡಿ. ಮುಂದಿನದು ಖಾಲಿ ಮಾಡದಿದ್ದರೆ ಹಿಂದಿನದನ್ನು ಬ್ರೇಕ್ ಹಿಡಿದು ನಿಲ್ಲಿಸುತ್ತದೆ, ರೈಲ್ವೆಯ ಸಿಗ್ನಲಿನ ಪದ್ಧತಿಯೇ. "ಮಧ್ಯದಲ್ಲಿ ನಿಂತಿತು, ಕೆಟ್ಟಿತು" ಎಂದು ಕೂಗುತ್ತಾರೆ. ನಿಂತಿತು ಎಂದರೆ ಕೆಲಸ ಮಾಡಿತು ಎಂದು ಎಷ್ಟು ಜನರಿಗೆ ಹೇಳುವುದು?

ತೊಗರಿ_ಕಣಜ
ನೀವು ಹೇಳಿದ ಆ ಹಾಳೆ ಜಾತ್ರೆಯ ಚಕ್ರದ ಪಕ್ಕದಲ್ಲಿ ಜನರಿಗೆ ಕಾಣುವಂತೆ ತೂಗುಹಾಕಲಿ. ಅಂದು ಯಾರು ನೋಡಿದರು, ಎಷ್ಟು ಹೊತ್ತಿಗೆ ನೋಡಿದರು ಎಂದು. ಅಷ್ಟಾದರೆ ನಿಷೇಧದ ಮಾತು ನಾನು ಆಡುವುದಿಲ್ಲ.

ಎರೆಭೂಮಿ
ಇದಕ್ಕೆ ನನ್ನ ಪೂರ್ಣ ಒಪ್ಪಿಗೆ.

ಕೆಂಪುಮಣ್ಣು
ನನ್ನದೂ. ಇದೊಂದರಲ್ಲಿ ಬೀದರ್ ಮತ್ತು ಜೇವರ್ಗಿ ಒಂದಾದವು, ದಾಖಲಿಸಿಕೊಳ್ಳಿ.

ಇರಲಿ, ಮೂಲ ವಿಷಯಕ್ಕೆ. ಜೈಂಟ್ ವೀಲ್ ಕಂಡುಹಿಡಿದವನು ಫೆರಿಸ್ ಅಲ್ಲವೇ? 1893ರ ಷಿಕಾಗೊ ಪ್ರದರ್ಶನ. 264 ಅಡಿ ಎತ್ತರ, 36 ಡಬ್ಬಿ, ಒಂದೊಂದರಲ್ಲಿ 60 ಜನ.

ನಿವೃತ್ತ_ಮಾಸ್ತರ
ಅಷ್ಟು ದೊಡ್ಡದನ್ನು ಉಕ್ಕಿನಲ್ಲಿ ಕಟ್ಟಿದ ಕೀರ್ತಿ ಜಾರ್ಜ್ ಫೆರಿಸನದು, ಕಂಡುಹಿಡಿದವನು ಅವನಲ್ಲ. 1620ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ ಇಂದಿನ ಬಲ್ಗೇರಿಯದ ಪ್ಲೋವ್ಡಿವ್‌ನಲ್ಲಿ ಮರದ ಚಕ್ರದಲ್ಲಿ ಜನ ಕುಳಿತು ತಿರುಗುವುದನ್ನು ಕಂಡು ಬರೆದಿದ್ದಾನೆ. ಫೆರಿಸನ ಹಿಂದಿನ ವರ್ಷವೇ, 1892ರಲ್ಲಿ, ವಿಲಿಯಂ ಸೋಮರ್ಸ್ ಅಮೆರಿಕದಲ್ಲಿ 50 ಅಡಿಯ ಮರದ ಚಕ್ರಗಳನ್ನು ನಿಲ್ಲಿಸಿದ್ದ, ಆಮೇಲೆ ಫೆರಿಸನ ಮೇಲೆ ಮೊಕದ್ದಮೆಯನ್ನೂ ಹೂಡಿದ. ಫೆರಿಸನ ಚಕ್ರಕ್ಕೆ ಸಾವಿರ ಅಶ್ವಶಕ್ತಿಯ ಉಗಿ ಎಂಜಿನ್ ಎರಡು ಇದ್ದವು, ಓಡುತ್ತಿದ್ದದ್ದು ಒಂದು, ಇನ್ನೊಂದು ಕೆಟ್ಟರೆ ಇರಲಿ ಎಂದು. ತೊಗರಿ ಕಣಜದವರು ಗಮನಿಸಬೇಕು: ಎರಡನೆಯ ಎಂಜಿನ್! ಕೊನೆಗೆ 1906ರಲ್ಲಿ ಡೈನಮೈಟ್ ಇಟ್ಟು ಕೆಡವಿದರು.

ತೊಗರಿ_ಕಣಜ
ಗಮನಿಸಿದೆ. ನಮ್ಮ ಜಾತ್ರೆಗೆ ಎರಡನೆಯ ಜನರೇಟರ್ ಯಾವಾಗ ಬರುತ್ತದೆ?

ಸುರಪುರದ_ಸೊಸೆ
ನೀವೆಲ್ಲ ಕಬ್ಬಿಣದ ಬಗ್ಗೆಯೇ ಮಾತಾಡುತ್ತಿದ್ದೀರಿ. ಚಿಕ್ಕವಳಿದ್ದಾಗ ಜಾತ್ರೆಯಲ್ಲಿ ಹಾವಿನ ಮೈ, ಹೆಣ್ಣಿನ ತಲೆ ಇರುವ ನಾಗಕನ್ಯೆಯನ್ನು ನೋಡಿ ಜ್ವರ ಬಂದಿತ್ತು ನನಗೆ. ಅವಳು ನನ್ನ ಕಡೆ ನೋಡಿ ಊಟ ಆಯಿತೇ ಎಂದು ಕೇಳಿದಳು. ಅದರ ಗುಟ್ಟು ಯಾರಿಗಾದರೂ ಗೊತ್ತೇ?

ದರ್ಗಾ_ರಸ್ತೆ
ಗೊತ್ತು. ಬಂದೇ ನವಾಜ್ ಉರುಸಿಗೆ ಬರುತ್ತಿದ್ದ ಒಂದು ತಂಡದ ಹುಡುಗನ ಜೊತೆ ನನಗೆ ಗೆಳೆತನವಿತ್ತು. ಹೇಳಲೇ ಬಿಡಲೇ?

ಸುಮ್ಮನೆ_ಓದುವವ
ಬೇಡ ಭಾಯ್! ಒಂದಾದರೂ ಗುಟ್ಟು ಉಳಿಯಲಿ.

ಸುರಪುರದ_ಸೊಸೆ
ಹೇಳಿ. ಜ್ವರ ಬಂದದ್ದು ನನಗೆ, ಅವರಿಗಲ್ಲ.

ದರ್ಗಾ_ರಸ್ತೆ
ಮೇಜಿನ ಕಾಲುಗಳ ನಡುವೆ ಎರಡು ಕನ್ನಡಿ. ಎದುರಿಗೆ ಮೊನೆ ಮಾಡಿ ಓರೆಯಾಗಿ ನಿಲ್ಲಿಸಿರುತ್ತಾರೆ. ನಿಮಗೆ ಮೇಜಿನ ಅಡಿಯಲ್ಲಿ ಖಾಲಿ ಜಾಗ, ಹಿಂದಿನ ಪರದೆ ಕಾಣುತ್ತದೆ. ನಿಜವಾಗಿ ಕಾಣುವುದು ಅಕ್ಕಪಕ್ಕದ ಪರದೆಗಳ ಪ್ರತಿಬಿಂಬ. ಮೂರೂ ಕಡೆ ಒಂದೇ ಬಟ್ಟೆ ಹಾಕಿರುತ್ತಾರೆ, ಆದ್ದರಿಂದ ಗೊತ್ತಾಗುವುದಿಲ್ಲ. ಹುಡುಗಿ ಕನ್ನಡಿಗಳ ಹಿಂದೆ ಕುಳಿತು ಮೇಜಿನ ತೂತಿನಿಂದ ತಲೆ ಹೊರಹಾಕಿರುತ್ತಾಳೆ, ಹಾವಿನ ಮೈ ಬಟ್ಟೆಯದು. ಜನರನ್ನು ಹಗ್ಗದ ಆಚೆ ನಿಲ್ಲಿಸುವುದು ಅವಳನ್ನು ಕಾಪಾಡಲು ಅಲ್ಲ. ಹತ್ತಿರ ಬಂದರೆ ನಿಮ್ಮದೇ ಕಾಲು ಕನ್ನಡಿಯಲ್ಲಿ ಕಾಣುತ್ತದೆ.

ಆ ಹುಡುಗಿಯ ಪಾಡು ಮಾತ್ರ ಕೆಟ್ಟದ್ದು. ನಮ್ಮ ಬಿಸಿಲಿನಲ್ಲಿ, ತಗಡಿನ ಶೆಡ್ಡಿನಲ್ಲಿ, ಕುತ್ತಿಗೆ ಅಲ್ಲಾಡಿಸದೆ ಕೂರಬೇಕು. ಊಟ ಆಯಿತೇ ಎಂದು ಅವಳು ಕೇಳಿದ್ದು ತನ್ನ ಊಟದ ನೆನಪಾಗಿ ಇರಬೇಕು.

ನಿವೃತ್ತ_ಮಾಸ್ತರ
ಈ ಕನ್ನಡಿ ಮೇಜು 1865ರಲ್ಲಿ ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಸ್ಟೊಡೇರ್ ಎಂಬ ಜಾದೂಗಾರ ತೋರಿಸಿದ್ದು. ಅಲ್ಲಿ ಪೆಟ್ಟಿಗೆಯಲ್ಲಿ ಸ್ಫಿಂಕ್ಸಿನ ತಲೆ ಮಾತಾಡುತ್ತಿತ್ತು. ಅದಕ್ಕೂ ಮೂರು ವರ್ಷ ಮೊದಲು, 1862ರಲ್ಲಿ, ಪೆಪ್ಪರ್ ಎಂಬ ವಿಜ್ಞಾನದ ಪ್ರಾಧ್ಯಾಪಕರು ಗಾಜಿನಿಂದ ದೆವ್ವ ಬರಿಸಿದ್ದರು. ರಂಗದ ಮುಂದೆ ಓರೆಯಾಗಿ ದೊಡ್ಡ ಗಾಜು, ಕೆಳಗೆ ಮರೆಯಲ್ಲಿ ಒಬ್ಬ ನಟ. ನಟನ ಮೇಲೆ ಬೆಳಕು ಬಿದ್ದರೆ ಗಾಜಿನಲ್ಲಿ ಅವನ ಬಿಂಬ ಮೂಡಿ ರಂಗದ ಮೇಲೆ ಪಾರದರ್ಶಕ ದೆವ್ವ ನಿಲ್ಲುತ್ತದೆ. 1969ರಲ್ಲಿ ಡಿಸ್ನಿಲ್ಯಾಂಡಿನಲ್ಲಿ ತೆರೆದ ದೆವ್ವದ ಬಂಗಲೆಯಲ್ಲಿ ದೆವ್ವಗಳು ನರ್ತಿಸುವುದೂ ಇದೇ ಗಾಜಿನ ಯುಕ್ತಿಯಿಂದ. ಅಲ್ಲಿ ನಟರ ಬದಲು ಯಂತ್ರದ ಬೊಂಬೆಗಳು. ನಮ್ಮನ್ನು ಹಿಂಬಾಲಿಸಿ ನೋಡುವ ಕಲ್ಲಿನ ಮುಖಗಳೂ ಅಲ್ಲಿವೆ. ಅವು ಉಬ್ಬು ಮುಖಗಳಲ್ಲ, ಒಳಕ್ಕೆ ತಗ್ಗಾದ ಅಚ್ಚುಗಳು. ನಮ್ಮ ಕಣ್ಣು ತಗ್ಗಾದ ಮುಖವನ್ನು ನಂಬುವುದೇ ಇಲ್ಲ, ಉಬ್ಬೆಂದೇ ಓದುತ್ತದೆ.

ವೆಲ್ಡಿಂಗ್_ಅಂಗಡಿ
ನಮ್ಮೂರಿನ ಭೂತ್ ಬಂಗ್ಲಾದಲ್ಲಿ ಗಾಜೂ ಇರಲಿಲ್ಲ, ಯಂತ್ರವೂ ಇರಲಿಲ್ಲ. ಕತ್ತಲಲ್ಲಿ ಒಬ್ಬ ಹುಡುಗ ನಿಂತು ಒದ್ದೆ ಪೊರಕೆಯನ್ನು ಎಲ್ಲರ ಕಾಲಿಗೆ ತಾಗಿಸುತ್ತಿದ್ದ. ಡಿಸ್ನಿಯವರಿಗಿಂತ ಹೆಚ್ಚು ಜನ ಕಿರುಚಿದ್ದಾರೆ.

ಸುಮ್ಮನೆ_ಓದುವವ
ಇದಕ್ಕೇ ನಾನು ಹೇಳಿದ್ದು. ಈಗ ನಾಗಕನ್ಯೆಯ ಎದುರು ನಿಂತರೆ ಮೇಜಿನ ಕಾಲನ್ನೇ ನೋಡುತ್ತೇನೆ.

ಗಂಜ್‌ಬಜಾರ್
ನನಗೆ ಹಾಗೆ ಅನ್ನಿಸುವುದಿಲ್ಲ. ಪೊರಕೆಯ ವಿಷಯ ಗೊತ್ತಿದ್ದರೂ ಕತ್ತಲಲ್ಲಿ ಕಾಲಿಗೆ ತಾಗಿದಾಗ ಕಿರುಚುವುದು ತಪ್ಪುತ್ತದೆಯೇ? ಸರಿ, ಬಾವಿಯ ಗೋಡೆಯ ಮೇಲೆ ಬೈಕ್ ಓಡಿಸುವ ಮೌತ್ ಕಾ ಕುವಾ ಬಗ್ಗೆಯೂ ಹೇಳಿಬಿಡಿ. ಅದರಲ್ಲಿ ಕನ್ನಡಿ ಇಲ್ಲ ಎಂದುಕೊಂಡಿದ್ದೇನೆ.

ನಿವೃತ್ತ_ಮಾಸ್ತರ
ಇಲ್ಲ, ಅದು ಅಪ್ಪಟ ಧೈರ್ಯ. ಬಾವಿಯ ಅಡ್ಡಗಲ 30 ಅಡಿ ಎಂದು ಇಟ್ಟುಕೊಳ್ಳಿ. ನೇರ ಗೋಡೆಯ ಮೇಲೆ ಟೈರು ಜಾರದಿರಲು, ಹಲಗೆಯ ಹಿಡಿತ ಚೆನ್ನಾಗಿದ್ದರೆ, ಗಂಟೆಗೆ ಸುಮಾರು 27 ಕಿಲೋಮೀಟರ್ ವೇಗ ಸಾಕು. ಸವಾರ 40ರಲ್ಲಿ ಓಡಿಸಿದರೆ ಗೋಡೆ ಅವನನ್ನು ಅವನ ತೂಕದ ಎರಡೂಮುಕ್ಕಾಲು ಪಟ್ಟು ಬಲದಿಂದ ಒತ್ತುತ್ತದೆ. ಆ ಒತ್ತಡದಿಂದಲೇ ಘರ್ಷಣೆ, ಘರ್ಷಣೆಯಿಂದಲೇ ಅವನು ಮೇಲೆ. ಬೈಕಿನ ಭಾರ ಎಷ್ಟಿದ್ದರೂ ಬೇಕಾದ ವೇಗ ಬದಲಾಗುವುದಿಲ್ಲ. ಅದಕ್ಕೇ ಕಾರೂ ಓಡುತ್ತದೆ.

ವೆಲ್ಡಿಂಗ್_ಅಂಗಡಿ
ಮಾಸ್ತರರೇ, ನಿಮ್ಮ ಲೆಕ್ಕದಲ್ಲಿ ಹಲಗೆ ಒಣಗಿದೆ. ಮಳೆ ಬಂದರೆ, ಎಣ್ಣೆ ಸೋರಿದರೆ? ಅವರು ಆಟ ಶುರುವಾಗುವ ಮುಂಚೆ ಒಳಗೆ ಸುತ್ತಿ ಒಂದೊಂದು ಹಲಗೆಯನ್ನೂ ತಟ್ಟಿ ನೋಡುತ್ತಾರೆ. ಸದ್ದು ಬೇರೆಯಾಗಿ ಬಂದರೆ ಬೋಲ್ಟ್ ಸಡಿಲ. ಮೇಲೆ ನಿಂತು ನೋಟು ಚಾಚುವವರು ಸ್ವಲ್ಪ ಯೋಚಿಸಬೇಕು. ಅವನು ಒಂದು ಕೈ ಬಿಟ್ಟು ನೋಟು ಹಿಡಿಯುವಾಗ ವೇಗ ಕಡಿಮೆಯಾದರೆ ಮುಂದೇನು ಎಂದು.

ಕೆಂಪುಮಣ್ಣು
ನೋಟು ಕೊಡದಿದ್ದರೆ ಅವನ ಹೊಟ್ಟೆಪಾಡು? ಆಟ ಮುಗಿದ ಮೇಲೆ ಕೆಳಗಿಳಿದು ಕೈಗೆ ಕೊಡಿ, ಅಷ್ಟೇ.

ಸುರಪುರದ_ಸೊಸೆ
ಮಕ್ಕಳ ಕುದುರೆ ಆಟವನ್ನು ಯಾರೂ ಹೇಳಲೇ ಇಲ್ಲ. ಸುತ್ತುವ ಕುದುರೆ ಮೇಲೆ ಕೆಳಗೆ ಹೇಗೆ ಹಾರುತ್ತದೆ?

ಹೈದರಾಬಾದಿನಿಂದ_ಮರಳಿದವಳು
ಅಕ್ಕ, ಛಾವಣಿಯೊಳಗೆ ನೋಡಿ. ಕುದುರೆಯ ಕಂಬ ಮೇಲೆ ಒಂದು ಬಾಗಿದ ದಂಡಕ್ಕೆ ನೇತಾಡುತ್ತಿರುತ್ತದೆ. ಚಾವಣಿ ಸುತ್ತುವಾಗ ನಡುಗಂಬದ ಹಲ್ಲಿನ ಗೇರು ಆ ದಂಡವನ್ನು ಉರುಳಿಸುತ್ತದೆ, ಬಾಗು ಮೇಲೆ ಬಂದಾಗ ಕುದುರೆ ಮೇಲೆ. ಇಂಗ್ಲೆಂಡಿನ ಫ್ರೆಡರಿಕ್ ಸ್ಯಾವೇಜ್ 19ನೇ ಶತಮಾನದಲ್ಲೇ ಉಗಿ ಎಂಜಿನ್ ಕೂರಿಸಿ ಇಂಥವನ್ನು ಜಾತ್ರೆಗಳಿಗೆ ಮಾಡಿಕೊಟ್ಟವನು. ಹಳೆಯ ಕುದುರೆಗಳಲ್ಲಿ ಇನ್ನೊಂದು ಕಳ್ಳತನ: ಜನರ ಕಡೆಗಿರುವ ಪಕ್ಕದಲ್ಲಿ ಹೂವು, ಮಣಿ, ಕೆತ್ತನೆ ಎಲ್ಲ. ಒಳಪಕ್ಕ ಬೋಳು.

ತೊಗರಿ_ಕಣಜ
ಮದುವೆ ಮಂಟಪವೂ ಹಾಗೆಯೇ, ಹಿಂದೆ ಹೋಗಿ ನೋಡಿ.

ಎರೆಭೂಮಿ
ಹಿಂದೆ ಮುಂದೆ ತೂಗುವ ಕೊಲಂಬಸ್ ಹಡಗಿನ ಆಟದ್ದು ನಾನು ಹೇಳುತ್ತೇನೆ. ಅದು ಮೇಲಿನ ಅಚ್ಚಿನಿಂದ ತಿರುಗುವುದಲ್ಲ. ಹೊಟ್ಟೆಯ ಅಡಿಯಲ್ಲಿ ವೇದಿಕೆಯೊಳಗೆ ಟೈರ್ ಇರುತ್ತದೆ. ಹಡಗು ಹಾದುಹೋಗುವಾಗ ತಳಕ್ಕೆ ಉಜ್ಜಿ ಆ ಕಡೆಗೆ ಒಮ್ಮೆ, ಈ ಕಡೆಗೆ ಒಮ್ಮೆ ತಳ್ಳುತ್ತದೆ. ನಿಲ್ಲಿಸುವುದೂ ಅದೇ ಟೈರು. ಚಾಲಕ ಹೊತ್ತು ತಪ್ಪಿಸಿ ತಳ್ಳಿದರೆ ಹಡಗು ಏರುವುದೇ ಇಲ್ಲ, ಜೋಕಾಲಿ ತೂಗುವವರಿಗೆ ಇದು ಗೊತ್ತು. ಅದರಲ್ಲಿ ಎರಡು ತುದಿಯ ಸೀಟುಗಳೇ ಹೆಚ್ಚು ಎತ್ತರಕ್ಕೆ ಹೋಗುವುದು, ಅಂಜುಬುರುಕರು ನಡುವೆ ಕೂರಬೇಕು.

ಸುರಪುರದ_ಸೊಸೆ
ಅಯ್ಯೋ, ಇದನ್ನು ನಮ್ಮ ಅತ್ತೆಯವರಿಗೆ ಓದಿ ಹೇಳಿಬಿಟ್ಟೆ. ಈ ಸಲ ಕಲಬುರಗಿ ಜಾತ್ರೆಗೆ ಹೋದರೆ ತಮಗೆ ತುದಿಯ ಸೀಟೇ ಬೇಕಂತೆ. ಸೊಸೆ ನಡುವೆ ಕೂರಲಿ ಎಂದಿದ್ದಾರೆ.

ವೆಲ್ಡಿಂಗ್_ಅಂಗಡಿ
ಅತ್ತೆಯವರಿಗೆ ಹೇಳಿ, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಳ್ಳಲಿ, ಚಪ್ಪಲಿ ಕೆಳಗೆ ಬಿಟ್ಟು ಹತ್ತಲಿ. ನಮ್ಮೂರಲ್ಲಿ ಹಡಗಿನಿಂದ ಬಿದ್ದ ಚಪ್ಪಲಿ ಕಡಾಯಿಗೇ ಬಿದ್ದು ಭಜಿಯವನ ಜೊತೆ ದೊಡ್ಡ ಜಗಳವಾಗಿತ್ತು.

ಸುಮ್ಮನೆ_ಓದುವವ
ಯಾರ ಚಪ್ಪಲಿ?

ವೆಲ್ಡಿಂಗ್_ಅಂಗಡಿ
ಅದನ್ನು ಇಲ್ಲಿ ಬರೆದರೆ ಅವರು ನನ್ನ ಅಂಗಡಿಗೆ ಬರುವುದನ್ನು ಬಿಡುತ್ತಾರೆ.